ಹಲ್ಲಿನ ಸೆಟ್ಟಿಗೆ ಹಿಡಿದ ಬೂಷ್ಟು

ಮೂಟೆ ಕೊಳ್ಳುವ ಮುಂಚೆ ಒಂದು ಹಿಡಿ ತೆಗೆದು ನೋಡಬೇಕು. ಬೇಗಂ ಬಜಾರಿನಲ್ಲಿ ಬೇರೆಯವರ ಅಂಗಡಿಯ ಮುಂದೆ ಕೂತು ಅಜವಾನದ, ಅಂದರೆ ಓಮದ, ಕಾಳು ಜರಡಿ ಹಿಡಿಯುತ್ತಿದ್ದ ಬೀದರ್ ಕಡೆಯ ಹೆಂಗಸು ನಾನು. ಸ್ವಂತ ಮಸಾಲೆ ಅಂಗಡಿ ಹಾಕಿದ್ದು ಈ ಒಂದು ನಿಯಮದ ಮೇಲೆ. ತಪ್ಪಿದ್ದೆಲ್ಲಿ ಎಂದರೆ, ಅದನ್ನು ಔಷಧಿಗೂ ಹಚ್ಚಿದೆ.

ಮೇಲಿನ ಹಲ್ಲುಗಳೆಲ್ಲ ಹೋಗಿ ಸೆಟ್ ಕಟ್ಟಿಸಿಕೊಂಡ ಎರಡನೆಯ ವರ್ಷ ಅಂಗುಳು ಕೆಂಪಾಗಿ ಉರಿಯತೊಡಗಿತು. ಬೂಷ್ಟಿನ ಸೋಂಕು ಎಂದ ದಂತವೈದ್ಯೆ ಎರಡು ವಾರದ ಮಾತ್ರೆ ಬರೆದರು. ನಾನು ಔಷಧಿ ಅಂಗಡಿಯಲ್ಲಿ ಪಟ್ಟಿಯಿಂದ ನಾಲ್ಕೇ ಕತ್ತರಿಸಿಕೊಂಡು ಬಂದೆ, ಮಾಲು ಹೇಗಿದೆ ನೋಡೋಣವೆಂದು. ನಾಲ್ಕಕ್ಕೇ ಉರಿ ನಿಂತಿತು. ನಿಂತ ಮೇಲೆ ಮಾತ್ರೆ ಯಾಕೆ? ತಿಂಗಳು ಬಿಟ್ಟು ಉರಿ ಮರಳಿತು, ಮತ್ತೆ ನಾಲ್ಕು. ಹೀಗೇ ವರ್ಷ ಕಳೆಯಿತು. ಕೊನೆಗೆ ಆ ಮಾತ್ರೆಗೆ ಬೂಷ್ಟು ಜಗ್ಗುವುದಿಲ್ಲವೆಂದು ಪರೀಕ್ಷೆಯಲ್ಲೇ ಬಂತು. ಬೇರೆ ಔಷಧಿ ಕೊಡುತ್ತೇನೆ, ಮೂರು ವಾರ ಸೆಟ್ ಮುಟ್ಟಬೇಡಿ, ಇದಕ್ಕೂ ಬಗ್ಗದಿದ್ದರೆ ಸೆಟ್ಟಿನ ಆಸೆಯನ್ನೇ ಬಿಡಬೇಕಾದೀತು ಎಂದರು. ಮಾತಿನಿಂದ ಬದುಕು ಕಟ್ಟಿದವಳಿಗೆ ಹಲ್ಲು ಬಿಡು ಎಂದರೆ ಅಂಗಡಿ ಬಿಡು ಎಂದಂತೆ.

ಅದೇ ವಾರ ಕಲಬುರಗಿಯ ಹುಡುಗಿಯೊಬ್ಬಳು ಬಂದಳು. ಅಮೀರ್‌ಪೇಟೆಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಲ್ಯಾಬಿನಲ್ಲಿ ಬೂಷ್ಟಿನ ಮೇಲೆ ಸಂಶೋಧನೆ ಮಾಡುವವಳು. ಅಜವಾನದ ಹೂ, ಅಂದರೆ ಆ ಕಾಳಿನಿಂದ ತೆಗೆದ ಬಿಳಿ ಹರಳು, ನನ್ನ ಅಂಗಡಿಯಿಂದಲೇ ಒಯ್ಯುತ್ತಿದ್ದಳು. ಅವಳಿಗೆ ನನ್ನ ಬಾಯಿಯ ಕಥೆ ಹೇಳಿದೆ.

“ಅಮ್ಮಾ, ರಾತ್ರಿ ಸೆಟ್ ತೆಗದ ಮಲಗ್ತೀರೇನ್ರಿ?”

“ಯಾಕ್ ತೆಗೀಲಿ? ಮಲಗಿದಾಗ ಯಾರಿಗರೆ ಬಾಡಿಗಿ ಕೊಡ್ಲ್ಯಾ?”

ನಗುತ್ತಲೇ ತಿಳಿಸಿದಳು. ಸೆಟ್ಟಿನ ಮೇಲೆ ಬೂಷ್ಟು ಗುಂಪಾಗಿ ಅಂಟಿ, ತನ್ನದೇ ಲೋಳೆಯಿಂದ ಪೊರೆ ಕಟ್ಟಿಕೊಳ್ಳುತ್ತದೆ. ಔಷಧಿ ಒಳಗಿಳಿಯುವುದೇ ಕಷ್ಟ. ಇಳಿದದ್ದನ್ನೂ ಹೊರಗೆ ತಳ್ಳುತ್ತದೆ. ಆದರೆ ಅಜವಾನದ ಹೂವನ್ನು ಜೊತೆಗೆ ಕೊಟ್ಟರೆ ಪೊರೆ ಸಡಿಲಾಗಿ, ಸೋತ ಔಷಧಿಯೇ ಮತ್ತೆ ಕೆಲಸ ಮಾಡುವುದನ್ನು ಅವಳು ಲ್ಯಾಬಿನಲ್ಲಿ ಕಂಡಿದ್ದಳು.

“ಹಂಗಾದ್ರ ಮದ್ದು ಅಂಗಡ್ಯಾಗ ಇಟಗೊಂಡು ನಾ ದವಾಖಾನಿ ತಿರಗಾಕತ್ತೀನಿ!” ಡಬ್ಬಿಗೆ ಕೈ ಹಾಕಿದೆ. ಹುಡುಗಿ ಮಣಿಕಟ್ಟು ಹಿಡಿದಳು.

“ಬ್ಯಾಡ್ರಿ! ಅದು ಗಾಜಿನ ತಟ್ಟ್ಯಾಗ ಮಾಡಿದ್ದು, ಬಾಯಾಗ ಅಲ್ಲ. ಬಾಯಿ ಸುಟ್ಟ ಹೋಗ್ತೈತಿ.”

“ನೀರಾಗ ಕಲಿಸಿ?”

“ಇಲ್ರಿ.”

“ಒಂದ ಹರಳು?”

“ಇದರಾಗ ಚೌಕಾಸಿ ಇಲ್ರಿ, ಅಮ್ಮಾ.”

ನನ್ನ ಗಲ್ಲಾದ ಮುಂದೆ ನಿಂತು ಹಾಗೆ ಹೇಳಿದವರು ಯಾರೂ ಇರಲಿಲ್ಲ. ಮಾಲು ಬಲ್ಲವರೇ ಹಾಗೆ ಬಿಗಿಯಾಗಿ ನಿಲ್ಲುವುದು. ಡಬ್ಬಿ ಮುಚ್ಚಿದೆ. ಹೊಸ ಔಷಧಿ ಮೂರು ವಾರದ್ದನ್ನೂ ಒಟ್ಟಿಗೇ ತಂದೆ.

ಪಕ್ಕದ ಒಣಹಣ್ಣಿನ ಅಂಗಡಿಯವನು, ಮನೆಯಲ್ಲೇ ಕೂತಿರಿ ಎಂದು ಕನಿಕರ ತೋರಿಸಿದ: “ಆಪಾ, ಮೂರು ವಾರ ಘರ್ ಮೆ ಬೈಠೋ. ಗಿರಾಕಿ ಹಸೇಂಗೆ.”

“ಹಸ್ನೇ ದೋ,” ಎಂದೆ. “ನಗಲಿ ಬಿಡು. ನಗಾಕ ಬಂದಾಂವ ಬರಿಗೈಲೆ ಹೋಗೂದಿಲ್ಲ.”

ಮರುದಿನ ಬೊಚ್ಚುಬಾಯಲ್ಲೇ ಗಲ್ಲಾದಲ್ಲಿ ಕೂತೆ. ಜೀರಿಗೆಯ ದಲ್ಲಾಳಿ ಬಂದು ಬಾಯಿ ನೋಡಿ ಮೀಸೆಯಲ್ಲೇ ನಕ್ಕ. ನಾನು ಕೊಳ್ಳುವ ದರ ಹೇಳಿದೆ, ಅರ್ಧ ಗಾಳಿಯಾಗಿ ಹೊರಟಿತು.

“ಅರ್ಥಂ ಕಾಲೇದಮ್ಮಾ,” ಎಂದ.

ಒಂದು ರೂಪಾಯಿ ಇಳಿಸಿ ಹೇಳಿದೆ. ಮತ್ತೆ ತಿಳಿಯಲಿಲ್ಲವೆಂದ. ಇನ್ನೊಂದು ಇಳಿಸಿದೆ. ಮೂರನೆಯ ಸಲ ಇಳಿಸಲು ನಾನು ಬಾಯಿ ತೆರೆಯುವ ಮುಂಚೆಯೇ ಕೈ ಮುಗಿದು ಒಪ್ಪಿದ.

ಈಗ ಅಂಗುಳಿನ ಕೆಂಪು ಇಳಿದಿದೆ, ಹೊಸ ಸೆಟ್ ಬಂದಿದೆ. ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಡುತ್ತೇನೆ. ನೀವೂ ಇಡಿ, ಮಾತ್ರೆಯ ಪಟ್ಟಿ ಕತ್ತರಿಸಬೇಡಿ. ಅಜವಾನದ ಹೂವನ್ನು ಬಾಯಿಯ ಮದ್ದೆಂದು ಕೇಳಿ ಬರುವವರಿಗೆ ನಾನು ಕೊಡುವುದಿಲ್ಲ. ಎಷ್ಟು ಹೆಚ್ಚು ದುಡ್ಡು ಕೊಡುತ್ತೇನೆಂದರೂ ಇಲ್ಲ.