ಡಬ್ಬ ನುಂಗಿದ ಮುಖ

ನಾನು ದೊಡ್ಡ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡ ಕೂಡಲೇ ನಿಂಗಮ್ಮಜ್ಜಿಯ ನಗು ನಿಂತುಹೋಯಿತು. ಹನಗೋಡಿನಲ್ಲಿ, ಹೊಗೆಸೊಪ್ಪು ಒಣಗಿಸುವ ತಮ್ಮ ಬ್ಯಾರನ್ ಮನೆಯ ಮುಂದೆ ನೆರಳಲ್ಲಿ ಕುಳಿತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದವರು, ಸೆರಗು ಸರಿಮಾಡಿಕೊಂಡು ಬಿಗಿದು ಕುಳಿತರು. ಥೇಟ್ ಆಧಾರ್ ಕಾರ್ಡಿನ ಫೋಟೊ! ಅದೊಂದು ಬಿಟ್ಟರೆ ಅಜ್ಜಿಯದು ಬೇರೆ ಫೋಟೊ ಇಲ್ಲವೆಂದೇ ಮೊಮ್ಮಗಳು ನನ್ನನ್ನು ಕರೆಸಿದ್ದಳು.

ನಾನು ಹತ್ತಿರದ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟವನು. ಕೊಳ್ಳುವ ಮುಂಚೆ ನೋಡೋಣವೆಂದು ಗೆಳೆಯನಿಂದ ಎರಡು ಕ್ಯಾಮೆರಾ ತಂದಿದ್ದೆ. ಒಂದು ವೃತ್ತಿಪರರು ಬಳಸುವ ದೊಡ್ಡ ಮಿರರ್‌ಲೆಸ್, ಇನ್ನೊಂದು ಒಳಗೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿದ್ದರೂ ಅಂಗೈಯಲ್ಲಿ ಅಡಗುವ ಕಾಂಪ್ಯಾಕ್ಟ್. ಮನಸ್ಸೆಲ್ಲ ದೊಡ್ಡದರ ಮೇಲೇ ಇತ್ತು.

“ಅಜ್ಜಿ, ಸ್ವಲ್ಪ ನಗಿ” ಎಂದೆ, ನಾಲ್ಕನೇ ಸಲ.

“ಯಾರ್ ಮೊಕ ನೋಡ್ಕಂಡು ನಗ್ಲಪ್ಪ? ನಿನ್ ಮೊಕಾನೇ ಆ ಡಬ್ಬ ನುಂಗ್ಬುಟ್ಟದಲ್ಲ!”

ಹಟ ಬಿಟ್ಟು ಸಣ್ಣದನ್ನು ತೆಗೆದೆ. ಅದಕ್ಕೆ ಕಣ್ಣಿಡುವ ಕಿಂಡಿಯೇ ಇಲ್ಲ. ಎದೆಯ ಹತ್ತಿರ ಹಿಡಿದು ಪರದೆ ನೋಡಿದರೆ ಸಾಕು. ಅಜ್ಜಿಯ ಮಾತಿಗೆ ನನಗಿನ್ನೂ ನಗು ತಡೆಯಲಾಗಿರಲಿಲ್ಲ.

“ಅಂಗೆ! ಈಗ ಕಾಣ್ತಿದೀಯ ಕಣಪ್ಪ” ಎಂದವರೇ, ಕೈಯ ಸೊಪ್ಪು ಮಡಿಲಿಗೆ ಜಾರಿದ್ದೂ ತಿಳಿಯದೆ ಬೊಚ್ಚುಬಾಯಿ ತೆರೆದು ನಕ್ಕರು.

ಕೊನೆಗೆ ಸಣ್ಣದನ್ನೇ ಕೊಂಡೆ. ಮದುವೆಗಳಿಗೆ ನನ್ನ ಹಳೆಯದು ಇದ್ದೇ ಇದೆ. ಇಷ್ಟು ವರ್ಷ ಎದುರಿಗೆ ಕುಳಿತವರಿಗೆಲ್ಲ ‘ಸ್ವಲ್ಪ ನಗಿ’ ಎನ್ನುತ್ತಲೇ ಬಂದೆ. ನಾನು ನಗುತ್ತಿದ್ದೇನೆಯೇ ಎಂದು ಹುಡುಕಿ ನೋಡಿದವರು ಆ ಅಜ್ಜಿ ಒಬ್ಬರೇ.