ಬಳೆ ಗಾದಿಲಿಂಗಪ್ಪನ ಅಳತೆ

ರಾಯದುರ್ಗದ ಪೇಟೆಯ ಬಳೆ ಗಾದಿಲಿಂಗಪ್ಪ ಊರ ಹೆಂಗಸರ ಮುಖ ಮರೆತಾನು, ಕೈ ಮರೆಯುವವನಲ್ಲ. ಟೀಚರ್ ಚಂದ್ರಕಲಾಳ ಮುಂಗೈ ಹಿಡಿದವನೇ, "ಯುಗಾದಿಗೆ ಎರಡೂ ನಾಲ್ಕರ ಅಳತಿ ಬಳಿ ಹಾಕ್ಸಿದ್ರಿ, ಈಗ ಎರಡೂ ಎಂಟು ಬೇಕ್ರಿ. ಕೈ ಬಾತು ತಣ್ಣಗಾಗೈತಿ. ಥೈರಾಯ್ಡ್ ಮಾತ್ರಿ ಸಾಲವಲ್ದು, ಡಾಕ್ಟರಿಗೆ ತೋರಸ್ರಿ" ಎನ್ನುತ್ತಾನೆ. ಅದೇ ಕೈ ದೀಪಾವಳಿಗೆ ಸೊರಗಿ, ಬೆವೆತು, ಸಣ್ಣಗೆ ನಡುಗುತ್ತಿದ್ದರೆ, "ಈಗ ಮಾತ್ರಿ ಜಾಸ್ತಿ ಆದಂಗೈತಿ, ಮತ್ತ ಹೋಗ್ರಿ" ಎಂದು ಬಳೆ ಮಾರದೆಯೇ ಎಬ್ಬಿಸುತ್ತಾನೆ. ರಕ್ತಪರೀಕ್ಷೆ ಇರುವುದೇ ಗಾದಿಲಿಂಗಪ್ಪನ ಮಾತಿಗೆ ಮೊಹರು ಒತ್ತಲು ಎಂದು ಪೇಟೆ ನಗುತ್ತದೆ. ಆದರೆ ಹೆಂಡತಿ ಸರ್ವಮಂಗಳಮ್ಮ ಇಪ್ಪತ್ತು ವರ್ಷ ತನ್ನ ಬಳೆ ತಾನೇ ತೊಟ್ಟುಕೊಂಡಳು. ಅಂಗಡಿಯಿಂದ ಒಂದು ಹಬ್ಬಕ್ಕೆ ದೊಡ್ಡ ಅಳತೆ, ಇನ್ನೊಂದಕ್ಕೆ ಚಿಕ್ಕದು ಒಯ್ದರೂ ಇವನು ಯಾಕೆಂದು ಕೇಳಲಿಲ್ಲ. ಅವಳೂ ಅದೇ ಥೈರಾಯ್ಡಿನಿಂದ ಎದೆ ಡವಗುಟ್ಟಿ ಅಡುಗೆಮನೆಯಲ್ಲಿ ಕುಸಿದ ದಿನವೇ, ಮದುವೆಯಲ್ಲಿ ಹಿಡಿದಿದ್ದ, ಎರಡೂ ಎರಡರ ಬಳೆಯೂ ಸಡಿಲವಾಗಿದ್ದ ಆ ಬೆಚ್ಚನೆಯ ಕೈ ಅವನಿಗೆ ನೆನಪಾದದ್ದು. ಈಗ ದಿನಾ ಬೆಳಿಗ್ಗೆ, ಬೋಣಿಗೂ ಮೊದಲು, ಅವಳನ್ನು ಗಿರಾಕಿಯ ಮಣೆಯ ಮೇಲೆ ಕೂಡಿಸಿ ಮುಂಗೈ ಹಿಡಿಯುತ್ತಾನೆ. "ಮಂದಿ ನೋಡ್ತಾರ, ಎಷ್ಟೊತ್ರಿ ಹಿಡ್ಕೊಳ್ಳಾದು?" ಎಂದು ಅವಳು ನಾಚಿದರೆ, "ತಡಿಯೇ, ಇನ್ನಾ ಅಳತಿ ಸಿಕ್ಕಿಲ್ಲ" ಎನ್ನುತ್ತಾನೆ.