ಹದಿನಾರನೆಯ ಸರದಿಯಲ್ಲಿ ಲೊರೆಟ್ಟಾ

ಲೊರೆಟ್ಟಾ ಕ್ಲಿಮೆಕ್ ನಮ್ಮ ಮಹಡಿಯ ಕೋಣೆಯಲ್ಲಿ ಎರಡು ಬೇಸಿಗೆ ಇದ್ದಳು. ಗಂಡಸರು ಯುದ್ಧಕ್ಕೆ ಹೋಗಿದ್ದ ವರ್ಷಗಳವು. ಊರಿನ ಬೇಸ್‌ಬಾಲ್ ಮೈದಾನದಲ್ಲಿ ಸಂಬಳಕ್ಕೆ ಆಡುತ್ತಿದ್ದವರು ಹೆಂಗಸರು. ಸಮವಸ್ತ್ರವೆಂದರೆ ಮೊಣಕಾಲಿನ ಮೇಲೇ ನಿಲ್ಲುವ ಲಂಗ. ಚೆಂಡಿಗಿಂತ ಮೊದಲು ಬೇಸ್ ಮುಟ್ಟಲು ಓಡಿಬಂದು ನೆಲಕ್ಕೆ ಜಾರಿದರೆ ತೊಡೆಯ ಚರ್ಮ ಮಣ್ಣಿನ ಪಾಲು.

ಪೆನ್ಸಿಲ್ವೇನಿಯಾದ ಕಲ್ಲಿದ್ದಲಿನ ಊರಿನವಳು. ಬೆಳಿಗ್ಗೆ ನಮ್ಮ ಅಮ್ಮನಿಗಿಂತ ಮೊದಲೇ ಎದ್ದು ಒಲೆ ಹಚ್ಚುತ್ತಿದ್ದಳು. ತನ್ನ ಪಾಲಿನ ರೇಷನ್ ಸಕ್ಕರೆಯನ್ನು ಅಮ್ಮ ಸುಡುವ ಹಣ್ಣಿನ ಪೈಗೆ ಸುರಿದು, ಕಾಫಿಯನ್ನು ಕಹಿಯಾಗಿಯೇ ಕುಡಿಯುತ್ತಿದ್ದಳು. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದಳು.

ಆ ಆಗಸ್ಟಿನಲ್ಲಿ ಅವಳ ಬಲತೊಡೆಯ ಗಾಯ ಮಾಯದೆ ಹಸಿಯಾಗಿಯೇ ಉಳಿಯಿತು. ತಂಡದ ಮ್ಯಾನೇಜರ್ ಹ್ಯಾಕೆಟ್ ಒಮ್ಮೆ ಅದನ್ನು ಕಂಡುಬಿಟ್ಟರು.

"ಇನ್ನೊಂದ್ಸಲ ರಕ್ತ ಕಂಡ್ರೆ ಊರಿಗೆ ಕಳಿಸ್ತೀನಿ, ನೋಡು. ನಿನ್ ಜಾಗಕ್ಕೆ ಬೇರೆ ಹುಡುಗಿ ಕಾಯ್ತಿದಾಳೆ."

ಊರೆಂದರೆ ಅವಳಿಗೆ ಅಂಗಿ ಹೊಲಿಯುವ ಕಾರ್ಖಾನೆಯ ಬೆಂಚು. ಅಂದಿನಿಂದ ಅಮ್ಮ ದಿಂಬಿನ ಚೀಲ ಹರಿದು ಪಟ್ಟಿ ಕಟ್ಟುತ್ತಿದ್ದಳು, ನಾನು ತುದಿ ಹಿಡಿಯುತ್ತಿದ್ದೆ.

"ಇವತ್ತು ಜಾರ್ಬೇಡ ಕಣೇ," ಎಂದಳು ಅಮ್ಮ, ಆ ಶನಿವಾರ.

"ಇಲ್ಲ ಬಿಡಿ ಅಮ್ಮಾ. ರಾಣಿ ಥರ ನಡ್ಕೊಂಡೇ ಬರ್ತೀನಿ."

ನಾನೂ ಅಮ್ಮನೂ ಮೈದಾನದ ಬೇಲಿಗೆ ಒರಗಿ ನೋಡುತ್ತಿದ್ದೆವು. ಒಂಬತ್ತು ಸರದಿಗೆ ಮುಗಿಯಬೇಕಿದ್ದ ಆಟ ಮುಗಿಯಲಿಲ್ಲ. ಎರಡೂ ಕಡೆ ಒಂದು ಓಟವೂ ಇಲ್ಲ. ಹನ್ನೊಂದು, ಹದಿಮೂರು, ಹದಿನೈದು. ಅಂಕದ ಹಲಗೆಯ ಮೇಲೆ ಸೊನ್ನೆಗೆ ಜಾಗವಿಲ್ಲದೆ ಮೊದಲಿನವನ್ನು ಒರೆಸಿ ಬರೆದರು. ಸೂರ್ಯ ಧಾನ್ಯದ ಗೋದಾಮಿನ ಹಿಂದೆ ಇಳಿಯುತ್ತಿದ್ದ.

"ಯಾರಾದ್ರೂ ಗೆಲ್ರಮ್ಮಾ, ನನ್ ಹೆಂಡ್ತಿ ಬಾಗ್ಲು ಹಾಕ್ಕೋತಾಳೆ!" ಎಂದು ಯಾರೋ ಕೂಗಿದರು. ಆದರೆ ಒಬ್ಬರೂ ಎದ್ದು ಹೋಗಲಿಲ್ಲ.

ಹದಿನಾರನೆಯ ಸರದಿಯಲ್ಲಿ ಲೊರೆಟ್ಟಾ ಮೂರನೆಯ ಬೇಸ್ ತಲುಪಿದಳು. ಇನ್ನು ಕೊನೆಯ ಬೇಸ್ ಆದ ಹೋಮ್ ಮುಟ್ಟಿದರೆ ಗೆಲುವು. ಅಲ್ಲಿ ಎದುರು ತಂಡದ ಕ್ಯಾಚರ್ ಇರ್ಮಾ, ಮಧ್ಯಾಹ್ನದಿಂದ ಬಾಯಿ ಮುಚ್ಚದವಳು, ಕಾಲಗಲಿಸಿ ಕೂತಿದ್ದಳು.

"ಬಾರೇ ಕ್ಲಿಮೆಕ್, ಲಂಗ ಕೊಳೆ ಆಗತ್ತಾ?"

ಚೆಂಡು ಬ್ಯಾಟಿಗೆ ತಾಗಿದ ಸದ್ದು. ಲೊರೆಟ್ಟಾ ಹೊರಟಳು. ಮೈದಾನದ ಅಂಚಿನಿಂದ ಎಸೆದ ಚೆಂಡೂ ಹೊರಟಿತು. ಎರಡೂ ಒಂದೇ ಕಡೆಗೆ. ಜಾರದೆ ಬಂದರೆ ಔಟಾಗುವುದು ಖಂಡಿತ; ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಲೊರೆಟ್ಟಾ ಗಾಳಿಯಲ್ಲಿ ಮಲಗಿದಂತೆ ಕಂಡಳು. ಬಲತೊಡೆಯ ಮೇಲೇ ಬಿದ್ದಳು. ಧೂಳೆದ್ದಿತು, ಆ ಧೂಳಿನೊಳಗೆ ಇಳಿಬಿಸಿಲು ನಿಂತಿತು.

ಅಂಪೈರ್ ಎರಡೂ ಕೈ ಅಗಲಿಸಿದ. ಗೆದ್ದೆವು.

ಅವಳು ಏಳಲಿಲ್ಲ. ಲಂಗದ ಪಕ್ಕದಲ್ಲಿ ಕೆಂಪು ಹರಡುತ್ತಿತ್ತು. ಹ್ಯಾಕೆಟ್ ನಗುತ್ತಾ ಓಡಿಬರುತ್ತಿದ್ದರು. ಇರ್ಮಾ ಒಮ್ಮೆ ಲಂಗ ನೋಡಿದಳು, ಒಮ್ಮೆ ಹ್ಯಾಕೆಟರನ್ನು. ಬಗ್ಗಿ ಲೊರೆಟ್ಟಾಳ ಬಲಗಡೆಯಿಂದ ಸೊಂಟ ಬಳಸಿ ಎತ್ತಿದಳು. ತನ್ನ ಎದೆಕವಚ ಕಳಚಿ, ಹೊರಲಾರದವಳ ಹಾಗೆ ಇಬ್ಬರ ನಡುವೆ ಆ ಕೆಂಪಿಗೆ ಅಡ್ಡವಾಗಿ ಇಳಿಬಿಟ್ಟಳು.

"ಏನಾಯ್ತು?" ಎಂದರು ಹ್ಯಾಕೆಟ್.

"ಇವಳಿಗೇನಾಗತ್ತೆ ಸಾರ್? ಸೋತೋಳು ನಾನು, ಅಳೋಳು ಇವಳು!"

ಹಾಗೇ ನಡೆಸಿಕೊಂಡು ನಾವು ನಿಂತಿದ್ದ ಬೇಲಿಯವರೆಗೆ ಬಂದಳು. ಅಮ್ಮ ಕೋಟು ಹೊದಿಸಿದಳು.

"ನಂದೂ ಹಿಂಗೇ ಇದೆ ಕಣೇ, ಎಡಗಡೆ," ಎಂದಳು ಇರ್ಮಾ, ಮೆಲ್ಲಗೆ. ಕವಚ ಹೆಗಲಿಗೇರಿಸಿ, ತಮ್ಮ ಬಸ್ಸಿನ ಕಡೆಗೆ ತುಸು ಕುಂಟುತ್ತಾ ಹೋದಳು.

ಮನೆಯಲ್ಲಿ ಬಿಸಿನೀರು ಹಾಕಿ ಪಟ್ಟಿ ಬಿಡಿಸುವಾಗ ಲೊರೆಟ್ಟಾ ಟವೆಲ್ ಕಚ್ಚಿಕೊಂಡಿದ್ದಳು. ಮುಗಿದ ಮೇಲೆ ಅಮ್ಮ ಕೇಳಿದಳು:

"ನಾಳೆ?"

"ನಾಳೆ ಎಡಗಡೆಗೆ ಜಾರ್ತೀನಿ ಅಮ್ಮಾ."

ಅಮ್ಮ ಎದ್ದುಹೋಗಿ, ತನ್ನದೇ ದಿಂಬಿನ ಚೀಲ ತಂದು ಹರಿಯತೊಡಗಿದಳು.